ಮುರಕಲ್ಲಿನೊಳಗೆ ಒಬ್ಬ ಎಡಚ ಅಜ್ಜ

ಕಳೆದ ಭಾನುವಾರದ ಬಲಿಪೂಜೆಯಲ್ಲಿ ಪಾದ್ರಿಗಳು "ರೆಜಿನಾಲ್ಡನ ಅಜ್ಜನ ಆತ್ಮಕ್ಕಾಗಿ" ಎಂದು ಹೇಳಿದಾಗಲೇ ಪುತ್ತಿಗೆಯ ಆ ಸಣ್ಣ ಇಗರ್ಜಿಗೆ ಸಾವಿನ ಸುದ್ದಿ ತಿಳಿದದ್ದು. ಪೂಜೆ ಮುಗಿದ ಮೇಲೆ ನಾಲ್ಕಾರು ಮಂದಿ ರೆಜಿನಾಲ್ಡನ ಜಗಲಿಗೆ ಬಂದು ಕುಳಿತರು. ಸೀತಾಂಗೋಳಿಯ ಶಾಲೆಯಲ್ಲಿ ಚರಿತ್ರೆ ಕಲಿಸುವ ಟ್ರೀಜಾ ಟೀಚರಿಗೆ ಮಾತ್ರ ತಡೆಯಲಾಗಲಿಲ್ಲ.

"ಅಲ್ಲ ಮಾರಾಯ, ನಿನ್ನ ಅಜ್ಜನ ಮಣ್ಣಿಗೆ ನಾನು ಸಣ್ಣವಳಿರುವಾಗ ಬಂದಿದ್ದೆ. ಇದು ಯಾವ ಅಜ್ಜ?"

"ಅವರಿಗಿಂತ ಮೊದಲಿನವರು ಟೀಚರ್."

"ಎಷ್ಟು ಮೊದಲು?"

"ಏಸುಸ್ವಾಮಿಗಿಂತಲೂ ಮೊದಲಿರಬಹುದು."

ಯಾರೋ ಕಿಸಕ್ಕನೆ ನಕ್ಕರು. ರೆಜಿನಾಲ್ಡ್ ನಗಲಿಲ್ಲ. ಮಂಗಳವಾರ ಬೆಳಗಾಗುವುದರೊಳಗೆ ನೀರು ಸಿಗದಿದ್ದರೆ ಜೆಸಿಬಿ ಬಂದು ಆ ಅಜ್ಜನ ಗೋರಿಯನ್ನು ಬಗೆದು ಹಾಕಲಿತ್ತು.

ಇಂದು ಆ ಮಂಗಳವಾರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗುಡ್ಡದ ಅಡಿಯಲ್ಲಿ ಆಳೆತ್ತರದ ಒಂದು ಸುರಂಗದ ಬಾಯಿ. ಅದರೊಳಗೆ, ಬಹಳ ದೂರದಲ್ಲಿ, ಒಂದು ಮೇಣದಬತ್ತಿ ಉರಿಯುತ್ತಿದೆ. ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ರೆಜಿನಾಲ್ಡ್ ಪಿಕ್ಕಾಸು ಬೀಸುತ್ತಾನೆ. ಬತ್ತಿ ಮಂಕಾದರೆ ಗಾಳಿ ಸಾಲದು ಎಂದು ಅರ್ಥ, ಹೊರಗೆ ಬರಲೇಬೇಕು. ಹೆಂಡತಿ ಅಪೊಲೋನಿಯಾ ಬಗ್ಗಿ ಒಳಗೆ ಹೋಗಿ ಬುಟ್ಟಿಯಲ್ಲಿ ಮಣ್ಣು ತುಂಬಿ ತರುತ್ತಾಳೆ. ಬಂದಾಗಲೆಲ್ಲ ಅವಳ ಕಣ್ಣು ಮಣ್ಣನ್ನಲ್ಲ, ಬತ್ತಿಯನ್ನು ನೋಡುತ್ತದೆ.

ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರಿನ ಒರತೆಯನ್ನು ಹೊರಗೆ ಹರಿಸುವುದು ಈ ಸೀಮೆಯ ಹಳೆಯ ಕಸುಬು. ರೆಜಿನಾಲ್ಡನಿಗೆ ಇದು ತಂದೆಯಿಂದ ಬಂದದ್ದು. ಆದರೆ ಅವನು ಎಡಚ. ಇಬ್ಬರು ಕೂಡಿ ಅಗೆಯುವ ಇಕ್ಕಟ್ಟಿನಲ್ಲಿ ಎಡಗೈಯವನ ಪಿಕ್ಕಾಸು ಪಕ್ಕದವನ ಪಿಕ್ಕಾಸಿಗೆ ಬಡಿಯುತ್ತದೆ. "ನಿನ್ನ ಜೊತೆ ಅಗೆದರೆ ನನ್ನ ಮೂಗು ಉಳಿಯಲಿಕ್ಕಿಲ್ಲ" ಎಂದು ಒಬ್ಬೊಬ್ಬರೇ ಬಿಟ್ಟುಹೋದರು. ಕೊನೆಗೆ ಉಳಿದವಳು ಅಪೊಲೋನಿಯಾ. "ಕಟ್ಟಿಕೊಂಡ ಮೇಲೆ ಬಿಟ್ಟುಹೋಗ್ಲಿಕ್ಕೆ ಆಗ್ತದಾ?" ಎಂದು ಆಕೆ ಕೇಳುತ್ತಾಳೆ. ಎರಡು ಸಲ ಮಣ್ಣು ಕುಸಿದು ಅವನ ಕಾಲು ಸಿಕ್ಕಿಕೊಂಡಾಗ ಎಳೆದು ಹಾಕಿದವಳೂ ಅವಳೇ. ಈ ಸುತ್ತಿನ ಎಷ್ಟೋ ಮನೆಗಳಲ್ಲಿ ಇವರು ತೋಡಿದ ನೀರನ್ನು ಕುಡಿಯುತ್ತಾರೆ. ತೋಡಿದವರು ಯಾರೆಂದು ಕೇಳುವ ರೂಢಿ ಇಲ್ಲ.

ಕಳೆದ ವಾರ, ನೀರಿಗಾಗಿ ಸುರಂಗ ತೋಡಿಸುತ್ತಿರುವ ಈಶ್ವರಪ್ರಸಾದರ ಈ ಜಾಗದಲ್ಲಿ ಅಗೆಯುತ್ತಿದ್ದಾಗ ಗುಡ್ಡದ ಕೆಂಪು ಮುರಕಲ್ಲು ಟೊಳ್ಳಾಗಿ ಸದ್ದು ಮಾಡಿತು. ಇನ್ನೊಂದು ಪೆಟ್ಟಿಗೆ ತೂತು ಬಿದ್ದು, ತಣ್ಣಗಿನ ಹಳೆಯ ಗಾಳಿ ಬಂದು ಬತ್ತಿ ಆರಿಹೋಯಿತು. ರೆಜಿನಾಲ್ಡ್ ಕತ್ತಲೆಯಲ್ಲಿ ತೆವಳುತ್ತ ಹಿಂದೆ ಬಂದ. ಗಾಳಿಯಾಡಿದ ಮೇಲೆ ಟಾರ್ಚ್ ಹಿಡಿದು ನೋಡಿದರೆ, ಕಲ್ಲಿನಲ್ಲೇ ಕಡೆದ ಗುಂಡಗಿನ ಕೋಣೆ. ಮಣ್ಣಿನ ಮಡಕೆಗಳು. ಒಂದರಲ್ಲಿ ಎಲುಬಿನ ಚೂರು. ಈ ಸೀಮೆಗೆ ಅಕ್ಷರ ಬರುವುದಕ್ಕೂ ಮೊದಲಿನವರ ಗೋರಿ ಇರಬೇಕು ಎಂದು ಟ್ರೀಜಾ ಟೀಚರ್ ಆಮೇಲೆ ಹೇಳಿದರು.

ಅವನು ನೋಡುತ್ತ ನಿಂತದ್ದು ಮಡಕೆಯನ್ನಲ್ಲ, ಗೋಡೆಯನ್ನು. ಅಲ್ಲಿ ಉಳಿಯ ಗೀರುಗಳು ಹಾಗೆಯೇ ಇದ್ದವು. ಊರಿನಲ್ಲಿ ಉಳಿದವರು ತೋಡಿದ ಸುರಂಗಗಳಲ್ಲೆಲ್ಲ ಗೀರು ಒಂದು ಕಡೆಗೆ ವಾಲಿದರೆ, ಇವು ಅವನ ಗೀರುಗಳ ಹಾಗೆ ಇನ್ನೊಂದು ಕಡೆಗೆ ವಾಲಿದ್ದವು.

"ಎಡಗೈಯಲ್ಲಿ ಕಡಿದದ್ದು. ಒಂದು ಕಡೆ ಕೈ ಜಾರಿದೆ. ನನಗೂ ಹಾಗೆಯೇ ಜಾರ್ತದೆ" ಎನ್ನುತ್ತಾನೆ. "ನಾನು ಆ ಗೀರಿನ ಮೇಲೆ ಬೆರಳಿಟ್ಟೆ. ಮತ್ತೆ ಎಂತ ಹೇಳುವುದು? ನಮ್ಮ ಮನೆಯವನೇ ಅಂತ ಆಯ್ತು."

"ಕೊರೆದವ ಒಬ್ಬ, ಒಳಗೆ ಮಲಗಿದವ ಇನ್ನೊಬ್ಬ. ನಿಮ್ಮ ಅಜ್ಜ ಯಾರು?" ಎಂದು ಅಪೊಲೋನಿಯಾ ಕೆಣಕಿದ್ದಳಂತೆ.

"ಅಪ್ಪನಿಗೆ ಮಗನೇ ಕೊರೆದದ್ದಿರಬಹುದಲ್ಲ?"

ಅವಳು ಬುಟ್ಟಿಗೆ ಮಣ್ಣು ತುಂಬತೊಡಗಿದಳಂತೆ.

ಈಶ್ವರಪ್ರಸಾದರಿಗೆ ಸಿಟ್ಟು ಬಂದದ್ದರಲ್ಲಿಯೂ ನ್ಯಾಯವಿದೆ. "ನನಗೂ ದೇವರ ಭಯ ಉಂಟು. ಆದರೆ ಹಟ್ಟಿಯಲ್ಲಿ ದನಗಳು ನಾಲಗೆ ಹೊರಗೆ ಹಾಕಿ ನಿಂತಿವೆ. ಸತ್ತವರನ್ನು ಕಾಯುವುದಾ, ಬದುಕಿದವರನ್ನಾ?" ಗೋರಿಯನ್ನು ಒಡೆದು ನೇರ ಹೋದರೆ ಬೇಗ ನೀರು ಸಿಕ್ಕೀತು ಎಂಬುದು ಅವರ ಲೆಕ್ಕ. ಪಕ್ಕಕ್ಕೆ ತಿರುಗಿಸಿ ತೋಡುತ್ತೇನೆ ಎಂದು ರೆಜಿನಾಲ್ಡ್ ಕೈಮುಗಿದ. ಮಂಗಳವಾರದವರೆಗೆ ಎಂದು ಒಪ್ಪಿದರು.

ಈಗ ಜೆಸಿಬಿ ಬಂದೇಬಿಟ್ಟಿದೆ. ಗುಡ್ಡದ ನೆತ್ತಿಯಲ್ಲಿ ನಿಂತು ಗುರುಗುಟ್ಟುತ್ತಿದೆ. ಹೊಸ ದಾರಿಗೂ ಗೋರಿಗೂ ನಡುವೆ ಇರುವುದು ತೆಳ್ಳಗಿನ ಗೋಡೆ. ಮೇಲಿನ ಅದುರಾಟಕ್ಕೆ ಸುರಂಗದ ಮಾಡಿನಿಂದ ಹುಡಿಮಣ್ಣು ಉದುರತೊಡಗುತ್ತದೆ. ಅಪೊಲೋನಿಯಾ ಬುಟ್ಟಿ ಬಿಸಾಡಿ ಹೊರಗೆ ಓಡಿಬಂದು ಕೂಗುತ್ತಾಳೆ: "ಎಂಜಿನ್ ಆಫ್ ಮಾಡಿ ಅಣ್ಣೇರೆ! ಒಳಗೆ ಜನ ಉಂಟು!"

ಈಶ್ವರಪ್ರಸಾದರು ಎರಡೂ ಕೈ ಎತ್ತಿ ಬೀಸುತ್ತಾರೆ. ಎಂಜಿನ್ ನಿಲ್ಲುತ್ತದೆ. ಸುರಂಗದೊಳಗಿಂದ ಪಿಕ್ಕಾಸಿನ ಸದ್ದೂ ನಿಂತಿದೆ. ಅವಳು ಬಾಯಿಯ ಬಳಿ ಬಗ್ಗಿ ಕರೆಯುತ್ತಾಳೆ. ಉತ್ತರವಿಲ್ಲ. ಈಶ್ವರಪ್ರಸಾದರು ಪಂಚೆ ಮೇಲೆ ಕಟ್ಟಿ ತಾವೇ ಒಳಗೆ ಕಾಲಿಡುತ್ತಾರೆ. ನಾಲ್ಕು ಹೆಜ್ಜೆ ಹೋಗಿ ನಿಲ್ಲುತ್ತಾರೆ. ಪಾದದಡಿಯ ಮಣ್ಣು ತಣ್ಣಗಾಗಿದೆ. ಮರುಗಳಿಗೆಯಲ್ಲೇ ಕೆಂಪು ನೀರು ಕಿರುಬೆರಳಿನಷ್ಟು ಸಪೂರವಾಗಿ ಹರಿದು ಬಂದು ಹೆಬ್ಬೆರಳನ್ನು ಸುತ್ತುತ್ತದೆ.

ಹಿಂದೆಯೇ ಮೈಯೆಲ್ಲ ಕೆಸರಾದ ರೆಜಿನಾಲ್ಡ್. "ಕರೆದದ್ದು ಕೇಳಿತು. ಮಾತು ಬರ್ಲಿಲ್ಲ" ಎನ್ನುತ್ತಾನೆ.

ಹೆಂಡತಿ ಸೆರಗಿನಿಂದ ಅವನ ಮುಖ ಒರೆಸಿ, ಅದೇ ಕೈಯಿಂದ ತಲೆಗೊಂದು ಮೊಟಕುತ್ತಾಳೆ.

ಜೆಸಿಬಿಯವನಿಗೆ ಚಹಾ ಕೊಟ್ಟು ಕಳುಹಿಸಿದ ಮೇಲೆ ಈಶ್ವರಪ್ರಸಾದರು, ಕೋಣೆಯ ವಿಷಯ ವಿದ್ಯಾನಗರದ ಜಿಲ್ಲಾಧಿಕಾರಿ ಕಚೇರಿಗೆ ತಾವೇ ಹೋಗಿ ತಿಳಿಸುವುದಾಗಿ ಹೇಳುತ್ತಾರೆ. ರೆಜಿನಾಲ್ಡನಿಗೆ ಒಂದೇ ಆಸೆ: "ಬಂದವರು ನೋಡಲಿ, ಫೋಟೋ ತೆಗೀಲಿ. ಎಲುಬು ಮಾತ್ರ ಎಲ್ಲಿಗೂ ಕೊಂಡೋಗುವುದು ಬೇಡ. ಮಗ ಮಲಗಿಸಿದ ಜಾಗ ಅದು."

ಅಷ್ಟರವರೆಗೆ ಇರಲಿ ಎಂದು ಅವನು ಒದ್ದೆ ಮಣ್ಣು ಕಲಸಿ, ಕಲ್ಲಿಟ್ಟು ಆ ತೂತನ್ನು ಮುಚ್ಚುತ್ತಾನೆ. ಎಡಗೈಯಿಂದ ಸವರಿ ನಯ ಮಾಡುತ್ತಾನೆ. ಗಂಡಹೆಂಡಿರು ಇಬ್ಬರೂ ನೀರಿನಲ್ಲೇ ಮೊಣಕಾಲೂರುತ್ತಾರೆ.

"ದೇವರೇ, ಇವರ ಹೆಸರು ನಮಗೆ ಗೊತ್ತಿಲ್ಲ, ನಿನಗೆ ಗೊತ್ತುಂಟು. ಕಲ್ಲು ಕಡಿದು ಕೈ ನೊಂದವನಿಗೂ, ಒಳಗೆ ಮಲಗಿದವನಿಗೂ ನಿತ್ಯ ವಿಶ್ರಾಂತಿ ಕೊಡು. ನಿನ್ನ ಬೆಳಕು ಅವರ ಮೇಲೆ ಆರದಿರಲಿ. ಆಮೆನ್."