ಚಾವಿ ಇಲ್ಲದೆ ಉರಿದ ಅಂಕಿಗಳು

ಅಪ್ಪನಿಗೆ ಮೊದಲ ಸಲ ಲಕ್ವ ಹೊಡೆದಾಗ ನಾವು ಕುಲಗೋಡದಲ್ಲಿ ಬಸ್ಸಿಗೆ ಕಾದೆವು. ಆ ಸಲ ಸಣ್ಣದರಲ್ಲಿ ಹೋಯಿತು. ಗೋಕಾಕದ ಡಾಕ್ಟರು ಮಾತ್ರ ನನ್ನನ್ನು ಹೊರಗೆ ಕರೆದು, "ಮತ್ತ ಬಂದ್ರ ಬಸ್ಸಿಗೆ ಕಾಯಬ್ಯಾಡ್ರಿ. ತಾಸಿನ್ಯಾಗ ಇಲ್ಲಿ ಇರಬೇಕು ನೋಡ್ರಿ," ಎಂದರು. ನಾನು ಹಳೆಯ ಕಾರು ಕೊಂಡದ್ದು ಅದೊಂದೇ ಕಾರಣಕ್ಕೆ.

ಹುಕ್ಕೇರಿಯಿಂದ ಅದನ್ನು ತರುವ ದಿನವೇ, ಪೆಟ್ರೋಲಿನ ಮುಳ್ಳು ಅರ್ಧ ತೋರಿಸುತ್ತಿರುವಾಗಲೇ, ದಾರಿಯಲ್ಲಿ ನಿಂತುಬಿಟ್ಟಿತು. ಟಾಕಿ ಒಣಗಿತ್ತು. ಅಪ್ಪನನ್ನು ಮಲಗಿಸಿಕೊಂಡು ಹೊರಟಾಗ ಹೀಗಾದರೆ? ಇದೇ ಮಾದರಿಯ ದುಬಾರಿ ಕಾರುಗಳಲ್ಲಿ ಟ್ರಿಪ್ ಕಂಪ್ಯೂಟರ್ ಇರುತ್ತದೆ. ಅಂಗೈಯಷ್ಟು ಪರದೆ, ಉಳಿದ ಪೆಟ್ರೋಲಿನಲ್ಲಿ ಇನ್ನೆಷ್ಟು ಕಿಲೋಮೀಟರು ಹೋಗಬಹುದೆಂದು ಅಂಕಿಯಲ್ಲಿ ಹೇಳುತ್ತದೆ. ಕಣಗಲಾದ ಹೆದ್ದಾರಿ ಬದಿಯ ಗುಜರಿಯಲ್ಲಿ, ಅಪಘಾತವಾದ ಕಾರಿನಿಂದ ಒಂದನ್ನು, ಟಾಕಿಯ ಮಟ್ಟ ಅಳೆಯುವ ಫ್ಲೋಟಿನ ಸಮೇತ, ಬಿಚ್ಚಿಸಿ ತಂದೆ.

ಜೋಡಿಸುವವನು ನಾನೇ ಎಂದು ಹಟ ಹಿಡಿದೆ. ಕುರಿ ಕಾಯ್ದ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವ ನಾನು. ಅದಕ್ಕಾಗಿ ಎರಡು ವರ್ಷ ಕಾಳಿನ ಗೋದಾಮಿನಲ್ಲಿ ಚೀಲ ಹೊತ್ತಿದ್ದೇನೆ. ಈಗ ಮೂಡಲಗಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ವಿದ್ಯುತ್ತಿನ ಪಾಠ ಮಾಡುವವನು ನಾಲ್ಕು ತಂತಿ ಕೂಡಿಸಲು ಇನ್ನೊಬ್ಬನನ್ನು ಕರೆಯುವುದೇ?

ತಂತಿ, ಫ್ಯೂಸು ಕೊಳ್ಳಲು ಹೋದಾಗ ಗೋಕಾಕದ ವೈರಿಂಗ್ ಮಿಸ್ತ್ರಿ ತಾನಾಗಿಯೇ ಹೇಳಿದ್ದ.

"ಸರ, ಒಂದ ತಂತಿಯೊಳಗ ಕಾಯಂ ಕರೆಂಟ್ ಇರತೈತಿ. ಇನ್ನೊಂದರಾಗ ಚಾವಿ ತಿರುವಿದ್ರ ಅಷ್ಟ. ಪರದೆದ ಬೆಳಕ ಚಾವಿ ತಂತಿಗೇ ಹಚ್ರಿ."

"ನಂಗ ಕಲಸ್ತಿಯೇನಪಾ? ವರ್ಷಾವರ್ಷಾ ಇದನ್ನ ಪಾಠ ಮಾಡ್ತೇನಿ ನಾ."

"ಪಾಠದಾಗಿನ ಬ್ಯಾಟ್ರಿ ಎಂದೂ ಹಳೇದ ಆಗೂದಿಲ್ಲಲ್ರಿ ಸರ," ಎಂದು ನಕ್ಕ. ನಾನೂ ನಕ್ಕೆ.

ಮೊದಲು ಅವನು ಹೇಳಿದಂತೆಯೇ ಹಚ್ಚಿದೆ. ಚಾವಿ ತಿರುವಿದಾಗ ಅಂಕಿ ಮೂಡಿತು. ಅಪ್ಪನಿಗೆ ಅಕ್ಷರ ಬಾರದು, ಆದರೆ ಜೀವಮಾನವೆಲ್ಲ ಕುರಿ ಎಣಿಸಿದವನಿಗೆ ಅಂಕಿ ಚೆನ್ನಾಗಿ ಬರುತ್ತಿತ್ತು. "ನೂರಾ ನಲವತ್ತು!" ಎಂದು ಜೋರಾಗಿ ಓದಿದ. ನಾನು ಕೈಯಾರೆ ಮಾಡಿದ್ದೊಂದನ್ನು ಅವನು ಓದಿದ್ದು ಅದೇ ಮೊದಲು. ಅಂದಿನಿಂದ ಓಣಿಯ ಮಂದಿಯನ್ನೆಲ್ಲ ಕರೆತಂದು ತೋರಿಸಲು ಶುರುಮಾಡಿದ.

"ಮಂದಿ ಬಂದಾಗೊಮ್ಮೆ ನಿನ್ನ ಕಡೆ ಚಾವಿ ಬೇಡೂದು ಏನ ಚಂದೋ ಮಾಸ್ತರ? ಚಾವಿ ಇಲ್ದ ಹತ್ತಿರೂಹಂಗ ಮಾಡೋ," ಎಂದ ಅಪ್ಪ ಒಂದು ದಿನ.

ಒಲ್ಲೆ ಎನ್ನಲಾಗಲಿಲ್ಲ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ: ಬ್ಯಾಟರಿಯ ಮೇಲೆ ಬರೆದ ಶಕ್ತಿ, ಪರದೆ ಎಳೆಯುವ ಕರೆಂಟು. ಕಾರು ನಿಂತಲ್ಲೇ ನಿಂತರೂ ಒಂಬತ್ತು ದಿನಕ್ಕೆ ಮೋಸವಿಲ್ಲ ಎಂದು ಬಂತು. ನಾನಂತೂ ದಿನಾ ಮೂಡಲಗಿಗೆ ಅದರಲ್ಲೇ ಹೋಗಿಬರುತ್ತಿದ್ದೆ. ಪರದೆಯ ತಂತಿಯನ್ನು ಕಾಯಂ ಕರೆಂಟಿಗೆ ಬದಲಿಸಿದೆ.

ದಸರೆ ಬಂತು. ನಮ್ಮ ಮನೆಯಲ್ಲಿ ಅಷ್ಟಮಿಗೇ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಕುಳಿತದ್ದನ್ನು ದಶಮಿಯ ಸಂಜೆ ಬನ್ನಿ ಕೊಡುವವರೆಗೆ ಯಾರೂ ಮುಟ್ಟುವುದಿಲ್ಲ. ಕುಡುಗೋಲು, ಉಣ್ಣೆ ಕತ್ತರಿ, ಸಲಿಕೆ. ಆ ವರ್ಷ ಕಾರೂ ಕುಳಿತಿತ್ತು. ಅವ್ವ ಅದರ ಚಾವಿಗೆ ಕುಂಕುಮ ಹಚ್ಚಿ ಹಲಗೆಯ ಮೇಲಿಟ್ಟಳು. ಬಂದವರಿಗೆ ಕಾಣಲೆಂದು ಅಪ್ಪ ಕಾರಿನ ಬಾಗಿಲು ತೆರೆದೇ ಇಟ್ಟ. ಬಾಗಿಲು ತೆರೆದರೆ ಒಳಗಿನ ಚಾವಣಿಯ ದೀಪವೂ ಹತ್ತುತ್ತದೆ. ಅದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಎರಡು ದಿನ ಎದುರಿಗೇ ಉರಿಯಿತು. ನಾನು ನೋಡಿದೆ. ಚಂದ ಕಂಡಿತು.

ಬನ್ನಿಯ ದಿನ ಬೆಳಿಗ್ಗೆ ಅಪ್ಪ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ನಾನು ಹಲಗೆಯ ಮುಂದೆ ಒಂದು ಗಳಿಗೆ ನಿಂತೆ. ಅವ್ವ ತಾನೇ ಚಾವಿ ಎತ್ತಿ ನನ್ನ ಕೈಗೆ ತುರುಕಿದಳು. "ನಡಿ, ದೇವರ ಏನೂ ಅನ್ನೂದಿಲ್ಲ."

ತಿರುವಿದೆ. ಟಿಕ್ ಎಂದಿತು, ಮತ್ತೆ ಏನೂ ಇಲ್ಲ. ಪರದೆ ಕಪ್ಪಾಗಿತ್ತು.

ಓಣಿಯವರು ಆರು ಮಂದಿ ಇಳಿಜಾರಿನ ತನಕ ತಳ್ಳಿದರು. "ಗೇರ್ ಹಾಕೋ! ಬಿಡ ಈಗ! ಏ ಮಾಸ್ತರ, ಏನ ಮಾಡಾಕತ್ತಿ?" ಎಂದು ಹಿಂದಿನಿಂದ ಕೂಗು. ಈ ಕಾರಿನಲ್ಲಿ ಎಂಜಿನ್ನಿಗೆ ಪೆಟ್ರೋಲು ಎತ್ತುವ ಪಂಪಿಗೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿ ಉಪಯೋಗವಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ಸಲ ತಳ್ಳಿಸಿದೆ. ಆಂಬುಲೆನ್ಸ್ ಬೇರೆ ಊರಿಂದ ಬರಬೇಕಿತ್ತು. ಬಾಜೂ ಮನೆಯ ಕಾಕಾನ ಸರಕಿನ ಗಾಡಿಯೂ ಬಾಳೆಕಂಬ ಕಟ್ಟಿಸಿಕೊಂಡು ಪೂಜೆಗೆ ಕುಳಿತಿತ್ತು. ಚಾವಿ ಕಿಸೆಯಲ್ಲಿಟ್ಟುಕೊಂಡು ಅವನು ಬನ್ನಿ ತರಲು ಹೊಲಕ್ಕೆ ಹೋಗಿದ್ದ. ಅವನನ್ನು ಹುಡುಕಿ ಕರೆತಂದು, ಕಂಬ ಕೊಯ್ದು, ಅಪ್ಪನನ್ನು ಚೀಲಗಳ ಮೇಲೆ ಮಲಗಿಸುವ ಹೊತ್ತಿಗೆ ಎರಡು ತಾಸು ಮೀರಿತ್ತು.

"ಇಷ್ಟೊತ್ತು ಎಲ್ಲಿದ್ರಿ?" ಎಂದರು ಗೋಕಾಕದ ಡಾಕ್ಟರು.

"ಗಾಡಿ ಚಾಲೂ ಆಗ್ಲಿಲ್ರಿ," ಎಂದೆ. ಜೀವ ಉಳಿಯಿತು. ಬಲಭಾಗ ಹೋಯಿತು, ಮಾತು ಹೋಯಿತು.

ಒಂದು ವಾರದ ಮೇಲೆ ಮಿಸ್ತ್ರಿ ಊರಿಗೆ ಬಂದು ಡ್ಯಾಶಿನ ಕೆಳಗೆ ಮೀಟರ್ ಹಿಡಿದ. ತಂತಿ ಎಲ್ಲಿಗೆ ಹೋಗಿದೆ ಎಂದು ನೋಡಿದ, ನನ್ನನ್ನು ನೋಡಿದ. ಅವ್ವ ಅಲ್ಲೇ ನಿಂತಿದ್ದಳು. "ಬ್ಯಾಟ್ರಿ ಮುದುಕ ಆಗಿತ್ತವ್ವಾ," ಎಂದಷ್ಟೇ ಹೇಳಿ ತಂತಿ ಬಿಚ್ಚಿದ. ಬೈದಿದ್ದರೆ ಹಗುರಾಗುತ್ತಿತ್ತು.

ಆದರೆ ಅವ್ವ ಬ್ಯಾಟರಿಯ ಮಾತು ನಂಬಲೇ ಇಲ್ಲ. ನೋಡಲು ಬಂದವರಿಗೆಲ್ಲ ಒಂದೇ ಮಾತು: "ಬನ್ನಿ ಕೊಡೂದರ ಮೊದಲ ಪೂಜಿ ಚಾವಿ ನಾನೇ ಎತ್ತಿದೆ. ನನ್ನ ಕೈಲೆ ಆತು." ರಾತ್ರಿಯ ಊಟ ಬಿಟ್ಟಳು. ಸೋಮವಾರದ ಉಪವಾಸಕ್ಕೆ ಗುರುವಾರವನ್ನೂ ಸೇರಿಸಿದಳು.

ತಡೆಯಲಾಗದೆ ಒಂದು ಮಧ್ಯಾಹ್ನ ಅಪ್ಪನ ಹಾಸಿಗೆಯ ಬಳಿಯೇ ಅವಳನ್ನು ಕೂರಿಸಿ ಎಲ್ಲ ಹೇಳಿದೆ. ಮಿಸ್ತ್ರಿ ಎಚ್ಚರಿಸಿದ್ದು, ನಾನು ತಂತಿ ಬದಲಿಸಿದ್ದು, ಕಾಗದದ ಮೇಲಿನ ಒಂಬತ್ತು ದಿನ. "ಚಾವಿದ ತಪ್ಪಲ್ಲವ್ವಾ, ನಂದು."

ಅವಳು ಅಪ್ಪನ ಗಲ್ಲದ ಜೊಲ್ಲು ಒರೆಸುತ್ತ ಕೇಳಿದಳು. "ನನ್ನ ಸಮಾಧಾನ ಮಾಡಾಕ ಸುಳ್ಳ ಹೇಳಬ್ಯಾಡ," ಎಂದಳು ಕೊನೆಗೆ. "ಅಷ್ಟ ಕಲ್ತಾಂವ ನೀ. ನಿನ್ನ ಕೈಲೆ ಹಂಗ ಆಗತೈತೇನು?"

ಅವಳ ಕೈಯ ಆಚೆಯಿಂದ ಅಪ್ಪ ನನ್ನನ್ನೇ ನೋಡುತ್ತಿದ್ದ. ಅವನಿಗೆ ಪ್ರತಿಯೊಂದು ಮಾತೂ ಅರ್ಥವಾಗುತ್ತಿತ್ತು; ನಿಜವೆಂದು ಹೇಳಲು ಬಾಯಿ ಬರುತ್ತಿರಲಿಲ್ಲ.