ಸುಟ್ಟೆಣ್ಣೆ ಹೊನ್ನಕ್ಕ

ಮಧುಗಿರಿ ಬೆಟ್ಟದ ನೆತ್ತಿಗೆ ಆಗತಾನೆ ಬಿಸಿಲು ತಾಗಿದೆ. ಊರಾಚೆಯ ಶೆಡ್ಡಿನಲ್ಲಿ ಪಾವಗಡದ ಮೊದಲ ಬಸ್ಸು ಗುರುಗುಡುತ್ತಾ ನಿಂತಿದೆ. ಅದರ ಪಕ್ಕದ ಗೋಡೆಯ ಬುಡದಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬರು ಎಣ್ಣೆ ಡಬ್ಬಿಗಳನ್ನು ಒಂದೊಂದಾಗಿ ತಗಡಿನ ತಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಾರೆ. ಖಾಲಿ ಎಂದು ನಿನ್ನೆ ಮೆಕ್ಯಾನಿಕ್‌ಗಳು ಬಿಸಾಕಿದ ಡಬ್ಬಿಗಳು. ಬಿಸಿಲೇರುವಷ್ಟರಲ್ಲಿ ತಟ್ಟೆಯಲ್ಲಿ ಒಂದು ಲೋಟದಷ್ಟು ಎಣ್ಣೆ ಇಳಿದಿರುತ್ತದೆ. ಬಸ್ಸಿನ ಬಾಗಿಲು, ಕಿಟಕಿಗಳ ಕೀಲುಗಳಿಗೆ ಅಷ್ಟು ಸಾಕು.

ಇವರು ಹೊನ್ನಕ್ಕ. ನಂದೀಶ್ವರಯ್ಯನವರ ಬಸ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಒಂಬತ್ತು ವರ್ಷ. ಕಂಪನಿಗಿರುವುದು ಐದು ಬಸ್ಸು. ಶಿರಾ, ಕೊರಟಗೆರೆ, ಹೊಳವನಹಳ್ಳಿ, ಪಾವಗಡ ಅವುಗಳ ಓಡಾಟದ ಊರುಗಳು. ಸಂಬಳದ ಲೆಕ್ಕದಲ್ಲಿ ಹೊನ್ನಕ್ಕ ಗುಡಿಸುವ ಆಳು. ಆದರೆ ಶೆಡ್ಡಿಗೆ ಏನು ಕೊಂಡು ತರಬೇಕು, ಶೆಡ್ಡಿನಿಂದ ಏನು ಹೊರಗೆ ಹೋಗಬೇಕು ಎಂಬುದನ್ನು ಈಗ ಅವರನ್ನು ಕೇಳದೆ ಯಾರೂ ತೀರ್ಮಾನಿಸುವುದಿಲ್ಲ.

ಹೊನ್ನಕ್ಕನದು ಕುರಿ ಸಾಕುವ ಮನೆತನ. ಗಂಡ ತೀರಿಕೊಂಡ ಮೇಲೆ ಅಣ್ಣ ಕ್ಯಾತಪ್ಪನ ಮನೆಗೆ ಬಂದವರು ಅಣ್ಣನ ಮಂದೆ ಕಾಯುತ್ತಿದ್ದರು. ಶೆಡ್ಡಿನ ಹಿಂದೆ ಒಂದು ಚರಂಡಿ, ಚರಂಡಿಯ ಕೆಳಗೆ ಮಳೆನೀರು ನಿಲ್ಲುವ ಒಂದು ಕುಂಟೆ. ಎಂಜಿನ್ನಿನಲ್ಲಿ ಕಾದು ಕರ್ರಗಾದ ಸುಟ್ಟೆಣ್ಣೆಯನ್ನು ಮೆಕ್ಯಾನಿಕ್‌ಗಳು ಆ ಚರಂಡಿಗೇ ಸುರಿಯುತ್ತಿದ್ದರು. ಎಪ್ಪತ್ತೇಳನೇ ಇಸವಿಯ ಮೊದಲ ಮಳೆಗೆ ಅದಷ್ಟೂ ಕೊಚ್ಚಿಕೊಂಡು ಕುಂಟೆಗಿಳಿಯಿತು. ಬಾಯಾರಿದ ಕುರಿಗಳು ಅದೇ ನೀರು ಕುಡಿದವು.

“ನೀರಿನ ಮ್ಯಾಲೆ ನವಿಲುಗರಿ ಬಣ್ಣ ಇತ್ತು. ಚೆಂದಾಗೈತೆ ಅಂತ ನಾನೇ ನಿಂತ್ಕಂಡು ನೋಡ್ತಿದ್ದೆ ಕಣಪ್ಪ. ಬೆಳಗಾಗೋದ್ರೊಳಗೆ ಗಬ್ಬದ ಕುರಿಗಳೆಲ್ಲ ಕಾಲು ಮಡಚ್ಕಂಡು ಬಿದ್ಬುಟ್ಟಿದ್ವು,” ಎನ್ನುತ್ತಾರೆ ಹೊನ್ನಕ್ಕ. ದನಿಯಲ್ಲಿ ಏರಿಳಿತವಿಲ್ಲ. ಕೈ ಡಬ್ಬಿ ತಿರುವುತ್ತಲೇ ಇದೆ.

ಮಾರನೆಯ ದಿನ ಹೊನ್ನಕ್ಕ ಪಾವಗಡದ ಬಸ್ಸಿಗೆ ಅಡ್ಡ ಕೂತರು. ಪ್ರಯಾಣಿಕರು ಬೈದರು, ಡ್ರೈವರು ಹಾರನ್ ಬಾರಿಸಿದ. ಕೊನೆಗೆ ನಂದೀಶ್ವರಯ್ಯನವರೇ ಬಂದರು.

“ಕುರಿ ಬೆಲೆ ಕೊಡ್ತೀನಿ. ಏಳಮ್ಮ.”

“ಅದು ನಮ್ಮಣ್ಣಂಗೆ ಕೊಡಿ. ಇನ್ಮ್ಯಾಕೆ ಎಣ್ಣೆ ಚೆಲ್ಲಲ್ಲ ಅಂತ ನಂಗೆ ಮಾತು ಕೊಡಿ.”

“ಚೆಲ್ಲದೆ ತಲೆಗೆ ಹಚ್ಕೊಳ್ಳಾ? ಎಲ್ಲಿ ಹಾಕ್ಲಿ, ನೀನೇ ಹೇಳು.”

“ಹೇಳ್ತೀನಿ. ಅಲ್ಲೀಗಂಟ ಪೀಪಾಯಿಗೆ ತುಂಬ್ಸಿ ಮಡಗಿ.”

ಬಸ್ಸು ಹೊರಡಲಿ ಎಂದು ನಂದೀಶ್ವರಯ್ಯನವರು ಒಪ್ಪಿದರು. “ಹಂಗಾದ್ರೆ ನೀನೇ ಬಂದು ನೋಡ್ಕೊ” ಎಂದರು. ಅದು ಸಿಟ್ಟಿನ ಮಾತು. ಹೊನ್ನಕ್ಕ ಅದನ್ನೇ ಕೆಲಸದ ಕರೆ ಎಂದುಕೊಂಡು ಸೋಮವಾರ ಶೆಡ್ಡಿಗೆ ಹೋದರು.

ಕ್ಯಾತಪ್ಪನಿಗೆ ಇದನ್ನು ಸಹಿಸಲಾಗಲಿಲ್ಲ. “ಕುರಿ ಕೊಂದೋರ ಕೂಳು ತಿಂತೀಯೇನಮ್ಮಿ? ಹೋದ್ರೆ ನನ್ನ ಹೊಸ್ತಿಲು ತುಳೀಬ್ಯಾಡ,” ಎಂದ. ಹೊನ್ನಕ್ಕ ತಗಡಿನ ಪೆಟ್ಟಿಗೆ ಹೊತ್ತುಕೊಂಡು ಶೆಡ್ಡಿನ ಪಕ್ಕದ ಬಾಡಿಗೆ ಕೋಣೆಗೆ ಬಂದರು. ಅಣ್ಣ ತಂಗಿಯ ನಡುವೆ ಮಾತು ನಿಂತಿತು. ಸಂತೆಯಲ್ಲಿ ಎದುರಾದರೆ ಅಣ್ಣ ಮುಖ ತಿರುಗಿಸುತ್ತಿದ್ದ. “ಆ ವರ್ಸ ಗೌರಿ ಹಬ್ಬಕ್ಕೆ ಬಾ ಅನ್ನೋರು ಯಾರೂ ಇರ್ಲಿಲ್ಲ. ಶೆಡ್ಡಾಗೇ ಕೂತ್ಕಂಡು ಬಸ್ಸು ಎಣಿಸ್ಬುಟ್ಟೆ,” ಎಂದು ಹೊನ್ನಕ್ಕ ಒಮ್ಮೆ ಮಾತ್ರ ನಗುತ್ತಾರೆ.

ಪೀಪಾಯಿ ತುಂಬಿದ ಎಣ್ಣೆಗೆ ದಾರಿ ಹುಡುಕಲು ಅವರು ಎತ್ತಿನ ಗಾಡಿಯವರ ಬಳಿ ಹೋದರು. ಅಚ್ಚಿಗೆ ಹಾಕಲು ಅವರಿಗೆ ಎಣ್ಣೆ ಬೇಕಿತ್ತು. ಗೆದ್ದಲು ಹಿಡಿಯದಂತೆ ತೊಲೆ, ಬಾಗಿಲುವಾಡಕ್ಕೆ ಬಳಿಯಲು ಮನೆ ಕಟ್ಟುವವರು ಕೇಳಿಕೊಂಡು ಬಂದರು. ತಳದ ಗಸಿ ಇಟ್ಟಿಗೆ ಗೂಡಿಗೆ ಉರುವಲಾಗಿ ಹೋಯಿತು. ಎಂಜಿನ್ ಒರೆಸಲು ಪೇಟೆಯಿಂದ ಹತ್ತಿ ಉಂಡೆ ತರಿಸುವುದು ನಿಂತು, ದರ್ಜಿಗಳ ಅಂಗಡಿಯ ತುಂಡುಬಟ್ಟೆ ಬಂತು. ಸೀಟಿಗೆ ಸ್ಪಂಜಿನ ಬದಲು ಬರಗೂರು ಕಡೆಯ ತೆಂಗಿನ ನಾರು ಬಂತು. ಹರಿದರೆ ಬಿಚ್ಚಿ, ಒಣಗಿಸಿ, ಮತ್ತೆ ತುಂಬಬಹುದು. ಹಿರಿಯ ಮೆಕ್ಯಾನಿಕ್ ಬೊಮ್ಮಪ್ಪನಿಗೆ ಇದೆಲ್ಲ ಮೊದಮೊದಲು ಕಿರಿಕಿರಿ. “ಸ್ಕ್ರೂ ಬಿಸಾಕಿದ್ರೂ ‘ಲೇ ಬೊಮ್ಮಪ್ಪ’ ಅನ್ನೋಳು. ಈಗ ನಾನೇ ಹುಡುಗ್ರಿಗೆ ಅಂಗಂತೀನಿ,” ಎನ್ನುತ್ತಾನೆ.

ಹೊಸ ಎಣ್ಣೆ ತೀರಿ ಖಾಲಿಯಾದ ಪೀಪಾಯಿಗಳ ವಿಷಯ ಮಾತ್ರ ಕೈಮೀರಿತು. ಕಂಪನಿಯಿಂದ ಅವನ್ನು ಕೇಳಿದವರಿಗೆ ಕೊಡುವುದು ರೂಢಿ. ಎಂಬತ್ತೊಂದರಲ್ಲಿ ಒಂದು ಹಳ್ಳಿಯ ಮದುವೆ ಮನೆಯವರು ಅಂಥದೊಂದರಲ್ಲಿ ಕುಡಿಯುವ ನೀರು ತುಂಬಿಟ್ಟರು. ನೆಂಟರೆಲ್ಲ ವಾಂತಿ ಮಾಡಿಕೊಂಡು ಮಲಗಿದರು. ಮದುಮಗಳನ್ನು ಶಿರಾದ ಆಸ್ಪತ್ರೆಗೆ ಸಾಗಿಸಿದ್ದು ಇದೇ ಕಂಪನಿಯ ಬಸ್ಸು. ಆಕೆ ಉಳಿದಳು. ಕಂಡಕ್ಟರು ಬಂದು ಸುದ್ದಿ ಹೇಳಿದಾಗ ಹೊನ್ನಕ್ಕ ಉಣ್ಣುತ್ತಿದ್ದ ತಟ್ಟೆ ಸರಿಸಿ ಎದ್ದರು.

ಮರುದಿನವೇ ನಂದೀಶ್ವರಯ್ಯನವರನ್ನು ಹೊರಡಿಸಿಕೊಂಡು ಶಿರಾದ ಎಣ್ಣೆ ವ್ಯಾಪಾರಿ ಪ್ಯಾರೇಜಾನ್ ಸಾಬರ ಅಂಗಡಿಗೆ ಹೋದರು. ಖಾಲಿ ಪೀಪಾಯಿ ವಾಪಸ್ ತಗೊಂಡರೆ ಮಾತ್ರ ನಿಮ್ಮಲ್ಲಿ ಎಣ್ಣೆ ಕೊಳ್ಳುತ್ತೇವೆ ಎಂದರು.

“ಜಮಾನಾದಿಂದ ಯಾರೂ ಹಿಂಗೆ ಕೇಳಿಲ್ಲಮ್ಮಾ,” ಎಂದರು ಸಾಬರು.

“ಯಾರೂ ಕೇಳ್ದೆ ಇರೋದಕ್ಕೇ ಆ ಹೆಣ್ಣು ಆಸ್ಪತ್ರೇಲಿ ಬಿದ್ದೈತೆ.”

ಸಾಬರು ನಂದೀಶ್ವರಯ್ಯನವರ ಮುಖ ನೋಡಿದರು. ಅವರು ಹೊನ್ನಕ್ಕನ ಮುಖ ನೋಡಿದರು. ಅಂದಿನಿಂದ ತುಂಬಿದ ಪೀಪಾಯಿ ಬರುವ ಗಾಡಿಯಲ್ಲೇ ಖಾಲಿಯದು ಹಿಂದಿರುಗುತ್ತದೆ.

ಕುಂಟೆ ತಿಳಿಯಾಗಲು ಮಳೆಗಾಲಗಳೇ ಬೇಕಾದವು. ಎರಡು ವರ್ಷದ ಹಿಂದೆ ಒಂದು ಸಂಜೆ ಕ್ಯಾತಪ್ಪ ಮಂದೆ ಹೊಡೆದುಕೊಂಡು ಅಲ್ಲಿಗೆ ಬಂದ. ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ಮೂಸಿದ. ಆಮೇಲೆ ಕುರಿಗಳಿಗೆ ದಾರಿ ಬಿಟ್ಟ. ಶೆಡ್ಡಿನ ಗೋಡೆಯ ಮೇಲಿಂದ ಹೊನ್ನಕ್ಕ ನೋಡುತ್ತಿದ್ದರು. ಅವನು ತಲೆಯೆತ್ತಿ, “ಉಂಡ್ಯೇನಮ್ಮಿ?” ಎಂದ. ಏಳು ವರ್ಷದ ಮೇಲೆ ಅದು ಮೊದಲ ಮಾತು.

“ನೀವೇನಂದ್ರಿ?” ಎಂದು ಕೇಳಿದರೆ ಹೊನ್ನಕ್ಕ ಹೇಳುತ್ತಾರೆ:

“ಇಲ್ಲ ಅಂದೆ. ಉಂಡಿದ್ದೆ ಕಣಪ್ಪ. ಆದ್ರೂ ಇಲ್ಲ ಅಂದ್ಬುಟ್ಟೆ.” ಆ ರಾತ್ರಿಯ ಊಟ ಅಣ್ಣನ ಮನೆಯಲ್ಲಿ.

ನಂದೀಶ್ವರಯ್ಯನವರು ಆರನೆಯ ಬಸ್ಸು ಕೊಳ್ಳುವ ಯೋಚನೆಯಲ್ಲಿದ್ದಾರೆ. ಹೊಸದೋ ಹಳೆಯದೋ ಇನ್ನೂ ತೀರ್ಮಾನವಾಗಿಲ್ಲ. ನಿಮಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಹೊನ್ನಕ್ಕ ಕೈ ಒರೆಸಿಕೊಳ್ಳುತ್ತಾರೆ.

“ಬಸ್ಸು ನೋಡೋಕೆ ಹೋಗೋವಾಗ ನನ್ನೂ ಕರ್ಕಂಡು ಹೋಗ್ಲಿ. ಅವ್ರೆಲ್ಲ ಬಣ್ಣ ನೋಡ್ತಾರೆ, ಸೀಟು ನೋಡ್ತಾರೆ. ನಾನು ಅಡೀಲಿ ಮಲಿಕ್ಕಂಡು, ಎಲ್ಲಿ ಸೋರ್ತದೆ ಅಂತ ನೋಡ್ತೀನಿ.”