ಒಲೆಗೋಡೆಯೊಳಗಿನ ಬೂಟು

ಬ್ರೂನರ್ ತೋಟದ ಮನೆಯ ಕಣಜದ ಮೇಲಿಂದ ಮಂಜು ಇನ್ನೂ ಸರಿದಿಲ್ಲ. ಎಲ್ಡಾ ಕಾಫ್‌ಮನ್ ಆಗಲೇ ಅಡುಗೆಮನೆಯ ದೊಡ್ಡ ಒಲೆಯೊಳಗೆ ಮಂಡಿಯೂರಿ, ಕಲ್ಲಿನ ಸಂದಿಯಿಂದ ಸಿಮೆಂಟು ಕೆತ್ತುತ್ತಿದ್ದಾರೆ. ಪೆನ್ಸಿಲ್ವೇನಿಯಾದ ನಮ್ಮ ಕಣಿವೆಯ ಹಳೆಯ ಕಲ್ಲುಮನೆಗಳಲ್ಲಿ ಒಲೆಯೆಂದರೆ ಆಳು ಹೊಕ್ಕು ಕೂರುವಷ್ಟು ದೊಡ್ಡದು. ಹೊಗೆಗೂಡು ಮನೆಯ ನಟ್ಟನಡುವೆ.

"ಗಟ್ಟಿಯಾಗ್ಲಿ ಅಂತ ಯಾರೋ ಪುಣ್ಯಾತ್ಮ ಸಿಮೆಂಟು ತುಂಬಿದಾನೆ. ನೀರು ಒಳಗೇ ನಿಂತು ಚಳೀಗೆ ಹೆಪ್ಪುಗಟ್ಟುತ್ತೆ, ಕಲ್ಲಿನ ಮುಖಾನೇ ಉದುರುತ್ತೆ. ಇದಕ್ಕೆ ಸುಣ್ಣದ ಗಾರೇನೇ ಆಗ್ಬೇಕು," ಎನ್ನುತ್ತಾರೆ.

ಎಲ್ಡಾರಿಗೆ ಗಾರೆ ಕೆಲಸ ಅಪ್ಪನಿಂದ ಬಂದದ್ದು. ಮಂಡಿ ಸವೆದಿದೆ, ಬೆರಳುಗಳನ್ನು ಸುಣ್ಣ ತಿಂದಿದೆ. ಮನೆಯ ಮುಂದಿನ ಫಲಕದಲ್ಲಿ ಒಡೆಯರ ಹೆಸರುಗಳೆಲ್ಲ ಇವೆ. ಕಟ್ಟಿದವರದಾಗಲಿ, ಉಳಿಸಿದವರದಾಗಲಿ ಒಂದೂ ಇಲ್ಲ. ಊರ ಪತ್ರಿಕೆಗೆ ಬರೆಯುವ ನನಗೆ ಅದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ, ಎಲ್ಡಾರಿಗೆ ಬರುವುದಿಲ್ಲ.

ಕಳೆದ ತಿಂಗಳು ಹೊಗೆಗೂಡಿನ ಪಕ್ಕದ ಸಡಿಲ ಕಲ್ಲೊಂದನ್ನು ತೆಗೆದಾಗ ಹಿಂದೆ ಮಗುವಿನ ಸವೆದ ಬೂಟೊಂದು ಸಿಕ್ಕಿತು. ಹೊಗೆಗೂಡಿನಿಂದ ಕೇಡು ಇಳಿಯದಿರಲೆಂದು ಮನೆಯವರು ತೊಟ್ಟ ಬೂಟನ್ನು ಗೋಡೆಯಲ್ಲಿ ಹುದುಗಿಸುವುದು ಇಲ್ಲಿಯ ಹಳೆಯ ರೂಢಿ. ಅದನ್ನು ಅಲ್ಲೇ ಇಡಬೇಕೆಂಬುದು ಎಲ್ಡಾರ ಹಟ. ಈಗ ಈ ಹಳೆಯ ಮನೆಯನ್ನು ನೋಡಿಕೊಳ್ಳುವ ಸಮಿತಿ ಒಪ್ಪಲೆಂದು ಕಲ್ಲಿನ ಹಿಂದಿನ ಆ ಗೂಡನ್ನು ತೆರೆದೇ ಬಿಟ್ಟಿದ್ದಾರೆ. ಆದರೆ ಹಿಮ ಬಂದರೆ ಗಾರೆ ಹಿಡಿಯುವುದಿಲ್ಲ, ಇವತ್ತು ಮುಚ್ಚಲೇಬೇಕು.

ಸಮಿತಿಯ ಕಾರ್ಯದರ್ಶಿ, ಎಲ್ಡಾರ ಶಾಲೆಯ ಗೆಳೆಯ ವರ್ಜಿಲ್ ಹರ್ಟ್ಸ್‌ಲರ್ ಕಾಫಿ ಹಿಡಿದು ಬರುತ್ತಾರೆ.

"ತೀರ್ಮಾನ ಆಯ್ತು ಕಣೇ. ಬೂಟು ಗಾಜಿನ ಪೆಟ್ಟಿಗೆಗೆ."

"ಮನೆ ಕಾಯೋಕೆ ಇಟ್ಟಿದ್ದನ್ನ ನೋಡೋಕೆ ಇಡ್ತೀರಾ?"

"ಈ ವಯಸ್ಸಲ್ಲಿ ದೆವ್ವದ ಭಯಾನಾ ನಿಂಗೆ?"

"ನಿಮ್ಮ ಸಮಿತೀನೇ ನೋಡಿದೀನಿ, ದೆವ್ವ ಯಾವ ಲೆಕ್ಕ! ಆದ್ರೆ ಖಾಲಿ ಗೂಡು ಮುಚ್ಚಲ್ಲ ನಾನು."

ಎಲ್ಡಾ ಕುಳಿತಲ್ಲೇ ತಮ್ಮ ಎಡಗಾಲಿನ ಬೂಟಿನ ದಾರ ಬಿಚ್ಚತೊಡಗುತ್ತಾರೆ.

"ಏಯ್, ಅದು ಈ ಮನೆಯವರದ್ದಾಗಿರ್ಬೇಕಲ್ವೇನೇ?" ವರ್ಜಿಲ್ ಗಾಬರಿಯಾಗುತ್ತಾರೆ.

ಎಲ್ಡಾ ತಲೆಯೆತ್ತುತ್ತಾರೆ. "ಬ್ರೂನರ್‌ಗಳು ಬಿಟ್ಟುಹೋದ್ಮೇಲೆ ಈ ಒಲೆ ಮುಂದೆ ದಿನಾ ಕೂತಿರೋರು ಯಾರು ವರ್ಜಿಲ್?"

ವರ್ಜಿಲ್ ಕಾಫಿ ಕೆಳಗಿಟ್ಟು, ಕೋಟು ಕಳಚಿ, ಕಲ್ಲನ್ನು ಎತ್ತಿ ಹಿಡಿಯುತ್ತಾರೆ. ಎಲ್ಡಾರ ಬೂಟು ಒಳಗೆ ಹೋಗುತ್ತದೆ. ಎಲ್ಡಾ ಗಾರೆ ತುಂಬಿ, ಸಂದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ.

ಮನೆಗೆ ಹೊರಟಾಗ ಅವರ ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಮುಂದೆ ಯಾವತ್ತಾದ್ರೂ ಆ ಕಲ್ಲು ತೆಗೆದವ್ರು ಬೂಟಿನ ಅಡಿ ನೋಡ್ಲಿ. ಸುಣ್ಣ ಮೆತ್ಕೊಂಡಿದೆ. ಈ ಮನೇಲಿ ಗಾರೆಯವಳೊಬ್ಳು ಇದ್ಲು ಅಂತ ಗೊತ್ತಾಗುತ್ತೆ."